ಪಶ್ಚಿಮಕ್ಕೆ ಹೋದ ಗುಳ್ಳೆಗಳು

ಆ ಚಳಿಗಾಲ ಆಕಾಶದಲ್ಲಿ ಹೊಸದೇನೂ ನಡೆಯಲಿಲ್ಲ. ಇಲಿ ಕೇಬಲ್ ಕಡಿದಿತ್ತು, ಅಷ್ಟೇ. ಪೇಪರಿನಲ್ಲಿ ಸುದ್ದಿ ಬಂದದ್ದು, ಮುದ್ದೇಬಿಹಾಳದಲ್ಲಿ ಪೇಢೆ ಹಂಚಿದ್ದು, ದೊಡ್ಡವರ ಸಮಿತಿ ಕಾರು ಮಾಡಿಕೊಂಡು ಬಂದದ್ದು, ಎಲ್ಲವೂ ಆ ಇಲಿಯ ಬೆನ್ನಿಗೆ ಬಂದವು.

ನಾನು ಬಿಟ್ಟ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹೆಣ್ಣುಮಕ್ಕಳು ಮೊನ್ನೆ ಮನೆಗೆ ಬಂದಿದ್ದರು. ರಾಡಾರ್ ಹೊಲದಲ್ಲಿ ಕೆಲಸವೆಂದರೆ ಏನು ಮಾಡಬೇಕು ಎಂದು ಕೇಳಿದರು. ಅವರ ಆರ್ಡರಿನಲ್ಲಿ ಸಹಾಯಕಿ ಎಂದಿದೆ. ಯಾರಿಗೆ ಸಹಾಯ, ಯಾವುದಕ್ಕೆ ಸಹಾಯ ಎಂದು ಇಲ್ಲ. ನನಗೂ ಯಾರೂ ಹೇಳಿರಲಿಲ್ಲ. ಸೇರಿದ ದಿನ ಕೈಗೆ ಒಂದು ಕುರ್ಚಿಗಿ ಕೊಟ್ಟು ಕಸ ತೆಗೆ ಎಂದರು. ಹೊಲದಲ್ಲಿ ಮಾಡುತ್ತಿದ್ದ ಕೆಲಸವೇ. ಬೇಲಿಯ ಒಳಗೆ ಮಾಡಿದರೆ ಅದು ವಿಜ್ಞಾನ ಎಂದು ಆಮೇಲೆ ಗೊತ್ತಾಯಿತು. ಆ ಇಬ್ಬರಿಗೆ ನಾನು ಹೇಳಿದ್ದು ಹೀಗೆ.

ತಾಂಬಾ ದಾಟಿ ಸಿಂದಗಿಯ ಕಡೆ ಹೋಗುವಾಗ ಎಡಗಡೆ ಎರೆ ಹೊಲದಲ್ಲಿ ಆ ಆಂಟೆನಾಗಳು ಸಾಲಾಗಿ ನಿಂತಿವೆ. ಒಂದೊಂದೂ ತಿಂದಿಟ್ಟ ಮೀನಿನ ಮುಳ್ಳಿನ ಹಾಗೆ. ಬಸ್ಸಿನಲ್ಲಿ ಹೋಗುವವರು ಟಿವಿ ಸ್ಟೇಷನ್ ಎಂದುಕೊಳ್ಳುತ್ತಾರೆ. ಅದು ಅಲ್ಲ. ನಮ್ಮ ತಲೆಯ ಮೇಲೆ, ಮೋಡಕ್ಕಿಂತ ಬಹಳ ಎತ್ತರದಲ್ಲಿ ಅಯಾನುಗೋಳ ಎಂಬ ಒಂದು ಪದರ ಇದೆ. ಬಿಸಿಲು ಬಿದ್ದು ಅಲ್ಲಿನ ಗಾಳಿಗೆ ವಿದ್ಯುತ್ತು ಹತ್ತಿರುತ್ತದೆ. ಭೂಮಿಯ ನಡುಗೆರೆಯ ಸುತ್ತಮುತ್ತ ಸೂರ್ಯ ಮುಳುಗಿದ ಕೂಡಲೇ ಆ ಪದರ ಒಂದೇ ಸಮ ಇರುವುದಿಲ್ಲ. ಜೋಳದ ನುಚ್ಚು ಕುದಿಯುವಾಗ ಗುಳ್ಳೆ ಏಳುತ್ತವಲ್ಲ, ಹಾಗೆ ತಳದಿಂದ ಮೇಲಕ್ಕೆ ಟೊಳ್ಳು ಗುಳ್ಳೆಗಳು ಏಳುತ್ತವೆ. ದಕ್ಷಿಣದಲ್ಲಿ ಎದ್ದದ್ದು ಎತ್ತರಕ್ಕೆ ಹೋದರೆ ಅದರ ಕೈಕಾಲು ನಮ್ಮ ವಿಜಯಪುರದ ಕಡೆಯವರೆಗೆ ಚಾಚುತ್ತದೆ. ಉಪಗ್ರಹದಿಂದ ಬರುವ ಸಿಗ್ನಲ್ ಅದರೊಳಗೆ ಹಾಯ್ದು ಬಂದರೆ ನಡುಗುತ್ತದೆ. ನಿಮ್ಮ ಮೊಬೈಲಿನ ನಕ್ಷೆ ರಸ್ತೆ ಬಿಟ್ಟು ನಿಮ್ಮನ್ನು ಹಳ್ಳದಲ್ಲಿ ನಿಲ್ಲಿಸಿದರೆ ಒಮ್ಮೊಮ್ಮೆ ಅದು ಈ ಗುಳ್ಳೆಯ ಕೆಲಸವಂತೆ. ರಾಡಾರ್ ಮೇಲಕ್ಕೆ ಒಂದು ಕೂಗು ಹಾಕುತ್ತದೆ. ಗುಳ್ಳೆಗೆ ಬಡಿದು ಮರುದನಿ ಬರುತ್ತದೆ. ಆ ಮರುದನಿ ಕೇಳಿಸಿಕೊಳ್ಳುವುದೇ ಇಲ್ಲಿಯ ಉದ್ಯೋಗ.

ಇದನ್ನು ನನಗೆ ಹೇಳಿಕೊಟ್ಟವಳು ಸಹನಾ. ಆಕೆಯ ವಿಷಯ ಮುಂದೆ ಬರುತ್ತದೆ.

ಕೆಲಸ ಏನಿತ್ತು ಎಂದರೆ, ಆಂಟೆನಾ ಮೇಲೆ ಯಾರೂ ಸೀರೆ ಒಣಹಾಕದಂತೆ ನೋಡುವುದು. ಗೀಜಗದ ಹಕ್ಕಿ ಗೂಡು ಕಟ್ಟಿದರೆ ಬಿಡಿಸುವುದು. ಕುರಿ ಕಾಯುವವರು ಕಂಬಕ್ಕೆ ಕುರಿ ಕಟ್ಟಿ ಊಟಕ್ಕೆ ಕೂತರೆ ಎಬ್ಬಿಸುವುದು. ಬೇಸಿಗೆಯಲ್ಲಿ ಉಪ್ಪು ಇದ್ದಿಲು ತುಂಬಿದ ಅರ್ಥಿಂಗ್ ಗುಂಡಿಗಳಿಗೆ ಕೊಡದಿಂದ ನೀರು ಹಾಕುವುದು. ನಮ್ಮ ಮನೆಯಲ್ಲಿ ಕುಡಿಯುವ ನೀರಿಗೆ ಟ್ಯಾಂಕರಿನ ದಾರಿ ನೋಡುತ್ತಿದ್ದಾಗಲೂ ಆ ಗುಂಡಿಗಳಿಗೆ ನಾನು ತಪ್ಪದೆ ನೀರು ಕುಡಿಸಿದ್ದೇನೆ. ಯಂತ್ರದ ಕೋಣೆ ಇಡೀ ಪ್ರದೇಶದಲ್ಲೇ ತಂಪಾದ ಜಾಗ. ಚೈತ್ರದಲ್ಲಿ ಓಣಿಯ ಮುದುಕಿಯರೆಲ್ಲ ರಾಡಾರ್ ನೋಡಲು ಬರುತ್ತಿದ್ದರು. ರಾಡಾರ್ ಕಡೆಗೆ ಬೆನ್ನು ಮಾಡಿ ಎಸಿಯ ಮುಂದೆ ಕೂಡುತ್ತಿದ್ದರು.

ಮೊದಲಿನ ಸಾಹೇಬರು ಮೆತ್ತಗಿನ ಮನುಷ್ಯ. ಕಂಬಗಳನ್ನು ಬೇಸಿಗೆಯಲ್ಲಿ ನೆಟ್ಟರು. ಮಳೆ ಬಿದ್ದು ಎರೆ ಮಣ್ಣು ಉಬ್ಬಿತು, ಕಂಬಗಳು ಇಂಡಿ ಊರಿನ ಕಡೆ ವಾಲಿದವು. ಆಳು ಹಚ್ಚಿ ನೆಟ್ಟಗೆ ಮಾಡಿಸಿದರು. ಬೇಸಿಗೆ ಬಂದು ನೆಲ ಬಿರಿಯಿತು, ಸಿಂದಗಿಯ ಕಡೆ ವಾಲಿದವು. ಮತ್ತೆ ನೆಟ್ಟಗೆ ಮಾಡಿಸಿದರು. ದಿನಾ ಬೆಳಿಗ್ಗೆ ಬಂದು ಕಂಬಕ್ಕೆ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ವರ್ಗವಾಗಿ ಹೋಗುವ ದಿನ ನನ್ನ ಕಡೆಗೂ ಒಂದು ಕಣ್ಣು ಮುಚ್ಚಿ ನೋಡಿದರು, ರೂಢಿ.

ಅವರ ನಂತರ ಮೂರ್ತಿ ಸರ್ ಬಂದರು. ಮೈಸೂರಿನ ಕಡೆಯವರು. ಕಂಬಕ್ಕೆ ಆಳವಾದ ಬುನಾದಿ ಹಾಕಿಸಿದ್ದು ಅವರೇ, ಆ ಪುಣ್ಯ ಅವರಿಗಿರಲಿ. ಅವರಿಗೆ ಜನರ ಜೊತೆ ಚೆನ್ನಾಗಿರಬೇಕೆಂಬ ಆಸೆ ಬಹಳ. ಒಂದು ವರ್ಷ ಮಳೆ ತಡವಾದಾಗ ಸುತ್ತಲಿನ ಊರವರು, ಈ ಕಂಬಗಳೇ ಮೋಡ ಓಡಿಸುತ್ತವೆ ಎಂದು ಗೇಟಿನ ಮುಂದೆ ಬಂದು ಕೂತರು. ಸರ್ ಎಲ್ಲರಿಗೂ ಚಹಾ ಕೊಡಿಸಿ, ಕರಿ ಹಲಗೆಯ ಮೇಲೆ ಮೋಡ ಎಲ್ಲಿದೆ, ಅಯಾನುಗೋಳ ಎಲ್ಲಿದೆ ಎಂದು ಬರೆದು ತೋರಿಸಿದರು. ಮಳೆಗೂ ನಮಗೂ ಯಾವ ಸಂಬಂಧವೂ ಇಲ್ಲ ಎಂದು ಆಣೆ ಮಾಡಿದ ಹಾಗೆ ಹೇಳಿದರು. ಎಲ್ಲ ಕೇಳಿಸಿಕೊಂಡ ಒಬ್ಬ ಮುದುಕ ಟಾವೆಲ್ ಝಾಡಿಸಿ ಎದ್ದ.

"ಮಳಿಗೂ ನಿಮಗೂ ಸಂಬಂಧ ಇಲ್ಲಂದ್ರ, ಇಷ್ಟ ಕಂಬ ಯಾತಕ್ಕ ಹುಗದೀರಿ?"

ಸರ್ ಅದಕ್ಕೆ ಉತ್ತರ ಕೊಟ್ಟರು, ದೀರ್ಘವಾದ ಉತ್ತರ. ಅದು ಮುಗಿಯುವ ಹೊತ್ತಿಗೆ ನಾನೂ ಚಹಾದ ಕಪ್ಪುಗಳೂ ಮಾತ್ರ ಉಳಿದಿದ್ದೆವು.

ಇನ್ನು ಆ ಚಳಿಗಾಲದ ಮಾತು.

ರಾಡಾರ್ ನಿಂತಿರುವ ಹೊಲ ಶಿವನಗೌಡರದು. ಅವರಪ್ಪ ಲೀಸಿಗೆ ಕೊಟ್ಟದ್ದು. ನಮ್ಮ ಕಡೆ ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಬಸುರಿಗೆ ಬಯಕೆಯ ಊಟ ಹಾಕುವ ಹಾಗೆ, ತೆನೆ ಹೊತ್ತು ನಿಂತ ಹೊಲಕ್ಕೆ ಊಟ ಹಾಕುವುದು. ಸಜ್ಜೆ ಕಡಬು, ಶೇಂಗಾ ಹೋಳಿಗೆ, ಪುಂಡಿ ಪಲ್ಯ, ಎಣ್ಣೆಗಾಯಿ, ಮೊಸರನ್ನ ಎಲ್ಲ ಕಲಸಿ, ಕೂಗು ಹಾಕುತ್ತ ಹೊಲದ ತುಂಬ ಎರಚುತ್ತಾರೆ. ಗೌಡರ ಹೊಲದಲ್ಲಿ ತೆನೆಯ ಬದಲು ಅಲ್ಯುಮಿನಿಯಂ ನಿಂತಿತ್ತು. ಆದರೂ ನೆಲ ನೆಲವೇ. ಅದನ್ನು ಉಪವಾಸ ಕೆಡವಲು ಆಗುತ್ತದೆಯೆ? ಪ್ರತಿ ವರ್ಷ ಬಂದು ಬೇಲಿಯ ಹೊರಗೆ, ಬದುವಿನ ಮೇಲೆ ನಾಲ್ಕು ಹಿಡಿ ಚೆಲ್ಲಿ, ನನಗೊಂದು ಬುತ್ತಿ ಕೊಟ್ಟು ಹೋಗುತ್ತಿದ್ದರು.

ಆ ವರ್ಷ ಮೂರ್ತಿ ಸರ್ ಅದನ್ನು ಮೊದಲ ಸಲ ನೋಡಿದರು. ಕಡಬು ತಿಂದರು, ಹೋಳಿಗೆ ತಿಂದರು, ಕಣ್ಣು ಒದ್ದೆ ಮಾಡಿಕೊಂಡರು. ಇಷ್ಟು ಒಳ್ಳೆಯ ಸಂಪ್ರದಾಯ ಹೊರಗೆ ಬದುವಿನ ಮೇಲೆ ಯಾಕೆ, ಒಳಗೆ ಬನ್ನಿ ಎಂದರು.

ಗೌಡರು ಹಿಂದೆಗೆದರು. "ಬ್ಯಾಡ್ರಿ ಸರ. ಒಳಗ ನಿಮ್ಮ ಸಾಮಾನ ಅದಾವು. ನಾವು ಬದುವಿನ ಮ್ಯಾಲೆ ಚೆಲ್ಲಿ ಹೋಗ್ತೀವಿ."

"ಏನೂ ಆಗಲ್ಲ ಗೌಡ್ರೆ. ನೆಲ ನಿಮ್ಮದೇ ಅಲ್ವಾ. ಒಂದು ಸಾಲೂ ಬಿಡಬೇಡಿ, ನಾನು ಫೋಟೋ ತೆಗೀತೀನಿ."

ನಾನೇ ಗೇಟು ತೆಗೆದೆ. ಗೌಡರ ಮನೆಯ ಮಂದಿಯೆಲ್ಲ ಒಳಗೆ ಬಂದರು. ಆಂಟೆನಾಗಳ ಕೇಬಲ್ಲುಗಳು ನೆಲದಲ್ಲಿ ಕಾಲುವೆ ತೋಡಿ ಹಾಸಿದ್ದವು, ಮೇಲೆ ಪರಸಿ ಕಲ್ಲು ಮುಚ್ಚಿದ್ದರು. ಆ ಕಲ್ಲುಗಳೇ ಓಡಾಡುವ ದಾರಿ. ದಾರಿ ಹಿಡಿದು ಹೋಗುತ್ತ ಎರಚಿದರು. ಎರಚಿದ್ದು ಕಲ್ಲಿನ ಸಂದಿಗೆ ಇಳಿಯಿತು. ಪಶ್ಚಿಮದ ಸಾಲುಗಳ ಹತ್ತಿರ ಬರುವ ಹೊತ್ತಿಗೆ ಹೆಣ್ಣುಮಕ್ಕಳಿಗೆ ಹೊತ್ತ ಬುಟ್ಟಿ ಭಾರವಾಗಿ, ಉಳಿದದ್ದನ್ನೆಲ್ಲ ಅಲ್ಲೇ ಸುರುವಿದರು. ಸರ್ ತೆಗೆದ ಫೋಟೋ ಬಹಳ ಚೆನ್ನಾಗಿ ಬಂದವು.

ಆಮೇಲೆ ಕೆಲ ದಿನಕ್ಕೆ ಗುಳ್ಳೆಗಳು ಪಶ್ಚಿಮಕ್ಕೆ ಹೊರಟವು.

ಈಗ ಸಹನಾ. ಮುದ್ದೇಬಿಹಾಳದ ಹುಡುಗಿ, ಅವರಪ್ಪನದು ಪಾತ್ರೆ ಬಾಂಡೆ ಸಾಮಾನಿನ ಅಂಗಡಿ. ಪಿಎಚ್‌ಡಿ ಮಾಡಲು ನಮ್ಮ ಸ್ಟೇಷನ್ನಿಗೆ ಬಂದಿದ್ದಳು. ಗುಳ್ಳೆಗಳು ಸಂಜೆ ಎದ್ದ ಮೇಲೆ ಯಾವ ಕಡೆ ಸರಿಯುತ್ತವೆ ಎಂಬುದು ಅವಳ ವಿಷಯ. ಅವು ಪೂರ್ವಕ್ಕೆ ಸರಿಯುತ್ತವೆ. ಇದು ಲೋಕಕ್ಕೆಲ್ಲ ಗೊತ್ತು. ವರ್ಷಗಟ್ಟಲೆ ನೋಡಿದಳು, ಪೂರ್ವಕ್ಕೇ ಹೋದವು. ಗೊತ್ತಿದ್ದದ್ದನ್ನೇ ಮತ್ತೆ ಬರೆದರೆ ಯಾರು ಪದವಿ ಕೊಡುತ್ತಾರೆ? ಅವಳ ಗಡುವು ಮುಗಿಯುತ್ತ ಬಂದಿತ್ತು. ಸಮಿತಿ ಬಂದು ನೋಡಿ, ಇದರಲ್ಲಿ ಹುರುಳಿದೆ ಎಂದರೆ ಪ್ರಬಂಧ ಬರೆಯಬಹುದು. ಇಲ್ಲ ಎಂದರೆ ಮುದ್ದೇಬಿಹಾಳಕ್ಕೆ ಹೋಗಿ ಬಾಂಡೆ ತೂಗಬಹುದು. ಹಾಗಂತ ಅವಳೇ ನಗುತ್ತ ಹೇಳುತ್ತಿದ್ದಳು, ಆದರೆ ಊಟ ಸರಿಯಾಗಿ ಮಾಡುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಗುಳ್ಳೆಗಳು ದಿಕ್ಕು ಬದಲಿಸಿದವು. ಮರುದಿನವೂ ಪಶ್ಚಿಮಕ್ಕೆ. ಅದರ ಮರುದಿನವೂ. ಮೂರ್ತಿ ಸರ್ ಎಂಜಿನಿಯರನ್ನು ಕರೆಸಿ ಮಧ್ಯಾಹ್ನ ಎಲ್ಲವನ್ನೂ ಪರೀಕ್ಷೆ ಮಾಡಿಸಿದರು. ಎಲ್ಲ ಸರಿಯಿದೆ ಎಂದ. ಸರ್ ಮೇಲಿನವರಿಗೆ ಫೋನ್ ಮಾಡಿದರು. ಪೇಪರಿನವನಿಗೂ ಯಾರೋ ಮಾಡಿದರು. ತಾಂಬಾದ ಬಳಿ ಆಕಾಶದಲ್ಲಿ ವಿಸ್ಮಯ ಎಂದು ಸುದ್ದಿ ಬಂತು, ಸಹನಾಳ ಫೋಟೋ ಸಮೇತ. ಅವರಪ್ಪ ಅದನ್ನು ಕತ್ತರಿಸಿ ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಿದರು. ಪೇಢೆಯ ಡಬ್ಬಿ ಹಿಡಿದು ಬಸ್ಸಿನಲ್ಲಿ ಬಂದು ನಮಗೂ ಕೊಟ್ಟರು. ಮಗಳು ಏನು ಕಂಡುಹಿಡಿದಳು ಎಂದು ನಾನು ಕೇಳಿದೆ. ಏನೋ ಉಲ್ಟಾ ಹೊಂಟೈತಂತ ಎಂದರು. ತಿಳಿದದ್ದು ಅಷ್ಟು ಸಾಕಿತ್ತು, ಪೇಢೆ ಚೆನ್ನಾಗಿದ್ದವು.

ಸಹನಾ ಮಾತ್ರ ಬಹಳ ದಿನ ಕುಣಿಯಲಿಲ್ಲ. ಮೊದಲ ವಾರ ಕುಣಿದಳು, ಆಮೇಲೆ ನಿಂತಳು. ಒಂದು ದಿನ ಬಂದು, ಆಯಿ, ನಿನ್ನೆ ಬೆಳಿಗ್ಗೆ ಇಬ್ಬನಿ ಬಿದ್ದಿತ್ತೇನು ಎಂದು ಕೇಳಿದಳು. ಮೋಡ ಕವಿದಿತ್ತು, ಬಿದ್ದಿರಲಿಲ್ಲ ಎಂದೆ. ಅವಳ ಮುಖ ಇಳಿಯಿತು. ಆ ಹಿಂದಿನ ಸಂಜೆ ಗುಳ್ಳೆಗಳು ಪೂರ್ವಕ್ಕೆ ಹೋಗಿದ್ದವಂತೆ. ಮೋಡ ಇದ್ದ ದಿನವೆಲ್ಲ ಪೂರ್ವಕ್ಕೆ, ಇಬ್ಬನಿ ಬಿದ್ದ ದಿನವೆಲ್ಲ ಪಶ್ಚಿಮಕ್ಕೆ. ಮೋಡದ ಮೇಲಿನ, ಅದರ ಮೇಲಿನ ಗುಳ್ಳೆಗೆ ನಮ್ಮ ಹೊಲದ ಇಬ್ಬನಿಯ ಹಂಗು ಯಾಕೆ? ನಾನು, ಇರಬಹುದು, ದೇವರ ಆಟ ಎಂದೆ. ಆ ಮಾತಿಗೆ ಅವಳು ಬೆಲೆ ಕೊಡಲಿಲ್ಲ, ಒಳ್ಳೆಯದೇ ಆಯಿತು.

ಸಮಿತಿ ಬರುವ ಹಿಂದಿನ ದಿನ ಮಧ್ಯಾಹ್ನ ಅವಳೇ ಹಾರೆ ಹಿಡಿದು ಪಶ್ಚಿಮದ ಕಾಲುವೆಯ ಕಲ್ಲು ಎಬ್ಬಿಸಲು ಹೋದಳು. ಹಾರೆ ಹಿಡಿಯುವ ಕೈ ಅಲ್ಲ. ಇಸಿದುಕೊಂಡು ನಾನು ಎಬ್ಬಿಸಿದೆ. ಕೆಳಗೆ ಇಲಿಯ ಸಂಸಾರ. ಕಡಬಿನ ಚೂರು, ಶೇಂಗಾ ಪುಡಿ, ಹುಲ್ಲು, ಅದರ ನಡುವೆ ಮೇಲಿನ ಕರಿ ಸಿಪ್ಪೆ ಹೋಗಿ ಒಳಗಿನ ತಾಮ್ರದ ಜಾಲರಿ ಕಾಣುವ ಕೇಬಲ್. ಸಹನಾ ಅಲ್ಲೇ ಮಣ್ಣಿನಲ್ಲಿ ಕೂತು ನನಗೆ ತಿಳಿಸಿ ಹೇಳಿದಳು. ಆಂಟೆನಾಗಳು ಮೂರು ಗುಂಪು. ಮರುದನಿ ಮೂರಕ್ಕೂ ಹೊತ್ತಿನಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾಗಿ ಬರುತ್ತದೆ. ಆ ಹೆಚ್ಚುಕಡಿಮೆ ನೋಡಿ ಗುಳ್ಳೆ ಎತ್ತ ಹೊರಟಿತು ಎಂದು ಲೆಕ್ಕ ಹಾಕುತ್ತಾರೆ. ಸಂಜೆ ತಂಪಾಗಿ ತೇವ ಕೇಬಲ್ಲಿನೊಳಗೆ ಇಳಿದಂತೆಲ್ಲ ಪಶ್ಚಿಮದ ಗುಂಪಿನ ಮರುದನಿ ತಡವಾಗುತ್ತ ಹೋಗುತ್ತದೆ. ಲೆಕ್ಕ ತಿರುಗುತ್ತದೆ. ಗುಳ್ಳೆ ತನ್ನ ಪಾಡಿಗೆ ಪೂರ್ವಕ್ಕೇ ಹೋಗುತ್ತಿರುತ್ತದೆ. ಮಧ್ಯಾಹ್ನ ಬಿಸಿಲಿಗೆ ಕೇಬಲ್ ಒಣಗುತ್ತದೆ, ಎಂಜಿನಿಯರ್ ಬಂದು ಎಲ್ಲ ಸರಿಯಿದೆ ಎನ್ನುತ್ತಾನೆ.

ಕಡಿದ ತುಂಡನ್ನು ಕತ್ತರಿಸಿ, ಹೊಸ ಕೇಬಲ್ ಜೋಡಿಸಿದರು. ಆ ಸಂಜೆ ಗುಳ್ಳೆಗಳು ಪೂರ್ವಕ್ಕೆ ಹೋದವು, ಏನೂ ಆಗಿಲ್ಲ ಎನ್ನುವ ಹಾಗೆ.

ಮೂರ್ತಿ ಸರ್ ಕೆಟ್ಟವರಲ್ಲ. ಇದನ್ನು ನೀವು ತಿಳಿದುಕೊಳ್ಳಬೇಕು, ಯಾಕೆಂದರೆ ನಿಮಗೂ ಇಂಥ ಸಾಹೇಬರೇ ಸಿಗುತ್ತಾರೆ. ಅವರು ಬೈಯಲಿಲ್ಲ, ಹೆದರಿಸಲಿಲ್ಲ. ಬೆಳಿಗ್ಗೆ ಸಮಿತಿ ಬರುವ ಮೊದಲು ಅವಳನ್ನು ಕೂರಿಸಿಕೊಂಡು ಸಮಾಧಾನವಾಗಿ ಹೇಳಿದರು. "ನೋಡಮ್ಮ, ಪಶ್ಚಿಮಕ್ಕೆ ಹೋದದ್ದೆಲ್ಲಾ ಕೇಬಲ್‌ನಿಂದಲೇ ಅಂತ ಯಾರು ಹೇಳಿದ್ರು? ಒಂದೆರಡು ದಿನ ನಿಜವಾಗಿಯೂ ಹೋಗಿರಬಹುದು. ಸಮಿತಿ ಹೋಗಲಿ, ಆಮೇಲೆ ಕೂತು ನಿಧಾನವಾಗಿ ನೋಡೋಣ."

ಅವರು ಅದನ್ನು ನಂಬಿಯೇ ಹೇಳಿದರು. ಸುಳ್ಳು ಹೇಳುವವರಿಗೆ ಅಷ್ಟು ಮೃದು ಮಾತು ಬರುವುದಿಲ್ಲ.

ಅವಳು ಚಹಾ ಮಾಡುವ ಕೋಣೆಗೆ ಬಂದು ನನ್ನ ಪಕ್ಕ ನಿಂತಳು. ನಾನೂ ಅದನ್ನೇ ಹೇಳಿದೆ. ನನ್ನ ಮಾತು ಸರ್ ಮಾತಿನ ಹಾಗೆ ಮೃದುವಲ್ಲ.

"ಇಷ್ಟ ವರ್ಷ ದುಡದೀ. ಇಲಿ ಏನು ಸಾಕ್ಷಿ ಹೇಳಾಕ ಬರತೈತೇನು? ಸುಮ್ಮನಿರು."

"ಆಯಿ, ನಾ ಹಿಂಗ ಬರದ್ರ ನಾಳಿ ಎಲ್ಲೋ ಯಾರೋ ಇದನ್ನ ಹುಡಕ್ಕೊಂತ ಕೂಡ್ತಾರ. ಇಲ್ಲದ್ದನ್ನ."

"ಕೂಡಲಿ. ಅವರಿಗೂ ಪಗಾರ ಐತಲ್ಲ."

ಅವಳು ನಕ್ಕಳು. ಆಮೇಲೆ ಗೋಡೆಯ ಮಾಡದಿಂದ ನನ್ನದೊಂದು ಸ್ಟೀಲಿನ ತಾಟು ತೆಗೆದುಕೊಂಡು ಹೋದಳು. ಯಾತಕ್ಕೆ ಎಂದು ನಾನು ಕೇಳಲಿಲ್ಲ, ಹಾಲು ಉಕ್ಕುತ್ತಿತ್ತು.

ಸಮಿತಿಯಲ್ಲಿ ಮೂವರು. ಬಿಳಿ ಕೂದಲಿನ ಒಬ್ಬ ಹೆಣ್ಣುಮಗಳು ಅದರ ಮುಖ್ಯಸ್ಥೆ. ಮೂರ್ತಿ ಸರ್ ಮೊದಲು ಸ್ಟೇಷನ್ನಿನ ವಿಷಯ ಹೇಳಿದರು, ಜನರ ಜೊತೆ ಬೆರೆಯುತ್ತೇವೆ ಎಂದು ಚರಗದ ಫೋಟೋ ಕೂಡ ತೋರಿಸಿದರು. ನಾನು ಚಹಾ ಹಿಡಿದು ಒಳಗೆ ಹೋದಾಗ ಸಹನಾಳ ಸರದಿ. ಅವಳು ಮೇಜಿನ ನಡುವೆ ಆ ತಾಟು ಇಟ್ಟಳು. ಚಹಾದ ಜೊತೆ ಬಂದ ತಿನಿಸು ಎಂದು ಸಮಿತಿಯ ಒಬ್ಬರು ಕೈ ಚಾಚಿದರು. ತಾಟಿನಲ್ಲಿ ಇಲಿ ಕಡಿದ ಕೇಬಲ್ಲಿನ ತುಂಡಿತ್ತು. ಅವರು ಕೈ ಹಿಂದೆ ತೆಗೆದುಕೊಂಡು ಪ್ಯಾಂಟಿಗೆ ಒರೆಸಿಕೊಂಡರು.

ಅವಳು ಎಲ್ಲವನ್ನೂ ಹೇಳಿದಳು. ಇಂಗ್ಲಿಷಿನಲ್ಲಿ ಹೇಳಿದಳು, ಆದರೂ ಎಲ್ಲಿ ಇಲಿ ಬಂತು, ಎಲ್ಲಿ ಇಬ್ಬನಿ ಬಂತು ಎಂದು ಮೂರ್ತಿ ಸರ್ ಮುಖ ನೋಡಿಯೇ ನನಗೆ ತಿಳಿಯಿತು. ಯಾರ ಹೆಸರನ್ನೂ ಎತ್ತಲಿಲ್ಲ. ಗೌಡರದನ್ನೂ ಇಲ್ಲ, ಫೋಟೋ ತೆಗೆದವರದನ್ನೂ ಇಲ್ಲ. ಕಾಲುವೆಯಲ್ಲಿ ಆಹಾರ ಬಿದ್ದಿತ್ತು ಎಂದಳು, ಅಷ್ಟೇ. ಚರಗದ ಫೋಟೋ ಇನ್ನೂ ಹಿಂದಿನ ಪರದೆಯ ಮೇಲೆ ಇತ್ತು, ತೆಗೆಯಲು ಯಾರಿಗೂ ನೆನಪಾಗಲಿಲ್ಲ.

ಮುಖ್ಯಸ್ಥೆ ಕನ್ನಡದವರು ಎಂದು ನನಗೆ ಗೊತ್ತಾದದ್ದು ಆಗಲೇ. ಕನ್ನಡಕ ತೆಗೆದು ಕೇಳಿದರು, ಹಾಗಾದರೆ ನಿಮ್ಮ ಹತ್ತಿರ ಏನು ಉಳಿಯಿತು ಎಂದು.

"ಪೂರ್ವಕ್ಕ ಹೋಗೂವು ಉಳದಾವ್ರಿ ಮೇಡಂ. ಎಲ್ಲಾರ ಹತ್ರಾನೂ ಇರೂವಂಥಾವು."

ನಾನು ಕಪ್ಪು ಎತ್ತುವ ನೆಪದಲ್ಲಿ ನಿಂತೇ ಇದ್ದೆ. ಮುಖ್ಯಸ್ಥೆ ಶಾಭಾಷ್ ಎನ್ನಲಿಲ್ಲ. ಎದ್ದು ಬಂದು ಬೆನ್ನು ತಟ್ಟಲಿಲ್ಲ. ಅಂಥದ್ದೆಲ್ಲ ಭಾಷಣದಲ್ಲಿ ಆಗುತ್ತದೆ. ಅಮಾವಾಸ್ಯೆಯಿಂದ ಈಚಿನದು ಒಂದೂ ಲೆಕ್ಕಕ್ಕಿಲ್ಲ ಎಂದರು. ಪ್ರಬಂಧ ಬರೆಯಲು ಈಗ ಅನುಮತಿ ಇಲ್ಲ. ಇನ್ನೊಂದು ಚಳಿಗಾಲ ನೋಡಲು ಅವಕಾಶ ಕೊಡುತ್ತೇವೆ, ಅದೇ ಕೊನೆಯದು. ಮತ್ತೆ ಏನಾದರೂ ಅಳೆಯುವ ಮೊದಲು ಹೊಲದ ಪ್ರತಿಯೊಂದು ಕೇಬಲನ್ನೂ ಕಣ್ಣಿನಿಂದ ನೋಡಿ ಸರಿಯಿದೆ ಎಂದು ಬರೆದು ಕೊಡಬೇಕು. ಇಷ್ಟು ಹೇಳಿ, ಊಟದ ವೇಳೆಯಾಯಿತು ಎಂದು ಎದ್ದರು. ಊಟ ಚೆನ್ನಾಗಿ ಮಾಡಿದರು.

ಬೇಲಿಯೊಳಗೆ ಆಹಾರ ಪದಾರ್ಥ ನಿಷೇಧಿಸಲಾಗಿದೆ ಎಂದು ಗೇಟಿಗೆ ಬೋರ್ಡು ಬರೆಸಲು ಸರ್ ಅಂದೇ ಇಂಡಿಗೆ ಆಳು ಕಳಿಸಿದರು. ಆ ಬೋರ್ಡು ಈಗಲೂ ಇದೆ. ಅದರ ಕೆಳಗೆ ಕೂತು ನೀವು ರೊಟ್ಟಿ ತಿನ್ನುತ್ತೀರಿ, ನಾನೂ ತಿಂದಿದ್ದೇನೆ. ಶಿವನಗೌಡರಿಗೆ ಸುದ್ದಿ ಮುಟ್ಟಿದಾಗ ಅವರು, ನಾ ಮೊದಲ ಬ್ಯಾಡ ಅಂದಿದ್ದೆ ಎಂದು ಒಂದೇ ಮಾತು ಆಡಿದರು. ಈಗ ಕೇಬಲ್ ನೋಡುವ ಪದ್ಧತಿಯೂ ಬದಲಾಗಿದೆ. ಯಂತ್ರವೇ ದಿನಾ ಸಂಜೆ ಒಂದೊಂದು ಕೇಬಲ್ಲಿಗೂ ಒಂದು ಸಣ್ಣ ಸಿಗ್ನಲ್ ಬಿಟ್ಟು ನೋಡುತ್ತದೆ, ಎಲ್ಲಿ ಕೆಟ್ಟಿದೆ ಎಂದು ಪರದೆಯ ಮೇಲೆ ಕೆಂಪು ತೋರಿಸುತ್ತದೆ. ಇಲಿ ಮಾತ್ರ ಹಳೆಯ ಪದ್ಧತಿಯಲ್ಲೇ ಇದೆ. ಕೆಂಪು ಕಂಡರೆ ಕಲ್ಲು ಎಬ್ಬಿಸಬೇಕು, ಆ ಕಲ್ಲು ಎಬ್ಬಿಸುವ ಯಂತ್ರ ಇನ್ನೂ ಬಂದಿಲ್ಲ. ಅದಕ್ಕೇ ನಿಮ್ಮನ್ನು ತೆಗೆದುಕೊಂಡಿರುವುದು.

ಆ ದಿನ ಸಮಿತಿಯ ಕಾರು ಹೋದ ಮೇಲೆ ಸಹನಾ ಹೊರಗೆ ಕಟ್ಟೆಯ ಮೇಲೆ ಕೂತು ಅಪ್ಪನಿಗೆ ಫೋನ್ ಹಚ್ಚಿದಳು. ನಾನು ಕಪ್ಪು ತೊಳೆಯುತ್ತಿದ್ದೆ. ಆ ಕಡೆಯ ಮಾತು ಕೂಡ ಕೇಳುತ್ತಿತ್ತು, ಬಾಂಡೆ ಅಂಗಡಿಯಲ್ಲಿ ಕೂತವರಿಗೆ ಸಣ್ಣಗೆ ಮಾತಾಡಲು ಬರುವುದಿಲ್ಲ. ಅವಳು ಎಲ್ಲ ಹೇಳಿದಳು. ಅವರು ಕೇಳಿದರು.

"ಇಲಿ ಕಡದಿತ್ತು ಅಂತ ಮತ್ತ ಪೇಪರಿನ್ಯಾಗ ಹಾಕ್ತಾರೇನು?"

"ಇಲ್ಲಪ್ಪಾ, ಹಾಕೂದಿಲ್ಲ."

"ಹಂಗಾರ ಇರಲಿ ಬಿಡು ಗ್ವಾಡಿ ಮ್ಯಾಲೆ. ನೀ ಒಂದ ಚಳಿಗಾಲ ಅಂದೆಲ್ಲ, ಅದನ್ನ ಮುಗಿಸಿ ಬಾ."

ಫೋನ್ ಇಟ್ಟು ಅವಳು ಹೊಲದ ಕಡೆ ನೋಡುತ್ತ ಕೂತಳು. ಅಷ್ಟೂ ಸಾಲು, ಅಷ್ಟೂ ಕಲ್ಲು. ಇನ್ನು ಎಷ್ಟು ದಿನ ಬೇಕೋ ಎಂದು ನನ್ನನ್ನು ಕೇಳಿದಳು. ನನಗೇನು ಗೊತ್ತು ಎಂದೆ. ಅವಳ ಆ ಕೊನೆಯ ಚಳಿಗಾಲಕ್ಕೆ ಮುಂಚೆ ಮಳೆಗಾಲ ಇತ್ತು, ಮಳೆ ಬಿದ್ದರೆ ಎರೆಯಲ್ಲಿ ಹೂತ ಕಲ್ಲು ಯಾರಪ್ಪನಿಗೂ ಏಳುವುದಿಲ್ಲ. ಅದನ್ನೂ ಹೇಳಿದೆ. ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಹೊತ್ತು ಏರುವ ಮೊದಲೇ ಬಂದೆ. ಕಸ ತೆಗೆಯಲಿಲ್ಲ, ಗುಂಡಿಗೆ ನೀರು ಹಾಕಲಿಲ್ಲ. ಹಾರೆ ತೆಗೆದುಕೊಂಡು ಮೊದಲ ಸಾಲಿಗೆ ಹೋಗಿ ಮೊದಲ ಕಲ್ಲು ಎಬ್ಬಿಸಿದೆ. ಕೇಬಲ್ ನೆಟ್ಟಗಿತ್ತು. ಎರಡನೆಯದಕ್ಕೆ ಹಾರೆ ಹಾಕಿದೆ.